ನಾಲ್ಕು ಪೆಟ್ಟಿನ ಜಾಗ

ರೆಕಾರ್ಡ್ ಪ್ಲೇಯರಿನ ಸೂಜಿಯ ತುದಿಗೆ ಧೂಳು ಸಿಕ್ಕಿ ಕರಕರ ಎನ್ನುತ್ತಿದೆ, ಎನ್ನಲಿ, ಈ ಆಲ್ಬಮ್ಮಿನಲ್ಲಿ ಕೇಳುವಂಥದ್ದು ಕರಕರ ಒಂದೇ ಎಂದು ಇಪ್ಪತ್ತು ವರ್ಷದ ಹಿಂದೆ ಪತ್ರಿಕೆಯಲ್ಲಿ ಬರೆದವನು ನಾನೇ ತಾನೆ, ಆ ಒಂದು ವಿಮರ್ಶೆಗೆ ತಂಗಿಯ ರಾಕ್ ತಂಡ ನೆಲಕಚ್ಚಿತು, ಅಂಗಡಿಯವರು ರೆಕಾರ್ಡುಗಳನ್ನು ಹೂಕುಂಡದ ಕೆಳಗಿಟ್ಟರು, ಮೂರು ಪಟ್ಟಣದ ಗಿಟಾರುಗಳು ಹೆದರಿ ತಾವಾಗಿಯೇ ತಂತಿ ಕಡಿದುಕೊಂಡವು, ಅಂಥ ಲೇಖನಿ ನನ್ನದು — ಈಗ ಸಂಪಾದಕ ಹೇಳುತ್ತಾನೆ, ಜನ ಆ ಆಲ್ಬಮ್ಮನ್ನ ತಲೆ ಮೇಲೆ ಹೊತ್ಕೊಂಡು ಕುಣೀತಿದಾರೆ ಕಣಯ್ಯ, ಇನ್ನೊಂದ್ಸಲ ಕೇಳಿ ಬರಿ, ನೀನೇ ಕೊಂದಿದ್ದು, ನೀನೇ ಎಬ್ಬಿಸು. ಎಬ್ಬಿಸುವುದೇನು ಬಂತು, ಆ ತಂಡವನ್ನು ಹುಟ್ಟಿಸಿದವನೇ ನಾನು, ಮೊದಲ ಡ್ರಮ್ಮರ್, ನಾನು ಬಾರಿಸಿದರೆ ಪಕ್ಕದ ಬೀದಿಯ ಗಡಿಯಾರಗಳೂ ನನ್ನ ತಾಳಕ್ಕೆ ಬರುತ್ತಿದ್ದವು, ಆಲ್ಬಮ್ಮಿನ ಹೊದಿಕೆಯ ಮೇಲೆ ನನ್ನ ಹೆಸರು ಎಲ್ಲರದಕ್ಕಿಂತ ದೊಡ್ಡದಿರಲಿ ಎಂದದ್ದಕ್ಕೆ ಜಗಳ, ಎದ್ದು ಬಂದೆ, ಕಾಲಿಗೆ ಬಿದ್ದು ಕರೆಯುತ್ತಾರೆಂದು ಕಾದೆ, ಕರೆಯಲಿಲ್ಲ, ನನ್ನ ಸ್ಟೂಲಿನ ಮೇಲೆ ತಂಗಿ ಒಬ್ಬ ಕಡ್ಡಿಪೈಲ್ವಾನನನ್ನು ಕೂರಿಸಿದಳು, ಸಾಲದ್ದಕ್ಕೆ ಅವನನ್ನೇ ಮದುವೆಯಾದಳು, ಇಗೋ ಹೊದಿಕೆಯ ಚಿತ್ರ, ಎರಡೂ ಕೋಲು ಎತ್ತಿ ಹಿಡಿದು ಕೂತಿದ್ದಾನೆ, ಬಟ್ಟೆ ಒಣಹಾಕಲು ಹಗ್ಗ ಹುಡುಕುವವನ ಹಾಗೆ —

ನಾಲ್ಕನೆಯ ಹಾಡು, ನಾನಿದ್ದಾಗಲೇ ಕಟ್ಟಿದ್ದು, ಎರಡನೆಯ ಚರಣ ಮುಗಿದ ಕೂಡಲೇ ನನ್ನ ನಾಲ್ಕು ಪೆಟ್ಟು, ಆಕಾಶ ಬಿರಿಯುವಂಥವು, ಈ ರೆಕಾರ್ಡಿನಲ್ಲಿ ಆ ಜಾಗದಲ್ಲಿ ಏನೂ ಇಲ್ಲ, ಗಿಟಾರು ನಿಲ್ಲುತ್ತದೆ, ತಂಗಿ ನಿಲ್ಲುತ್ತಾಳೆ, ನಾಲ್ಕು ಎಣಿಸುವಷ್ಟು ಮೌನ, ಡ್ರಮ್ಮರ್ ನಿದ್ದೆಹೋಗಿದ್ದಾನೆ ಎಂದು ಬರೆದಿದ್ದೆ, ಊರಿಗೆ ಊರೇ ನಕ್ಕಿತ್ತು, ಈಗ ಆ ಮೌನವನ್ನೇ ಹೊಗಳುತ್ತಾರಂತೆ, ಹೊಟ್ಟೆ ಉರಿಯದೆ ಇರುತ್ತದೆಯೇ, ಬಾರಿಸದೆ ಹೆಸರು ಮಾಡಿದ ಡ್ರಮ್ಮರ್ ಭೂಮಿಯ ಮೇಲೆ ಇವನೊಬ್ಬನೇ — ಬೆಳಿಗ್ಗೆ ಅವನಿಗೇ ಫೋನು ಮಾಡಿ ಕೇಳಿಯೇಬಿಟ್ಟೆ, ಏನಯ್ಯಾ, ಅಲ್ಲಿ ತೂಕಡಿಕೆ ಬಂದಿತ್ತಾ, ಅವನು ನಕ್ಕ, ಇಲ್ಲ ಭಾವ, ನಾನು ಬಾರಿಸೋಕೆ ಹೋದೆ, ಅವಳು ಕೈ ಹಿಡಿದಳು, ಅದು ಅಣ್ಣನ ಜಾಗ, ಅವನೇ ಬಂದು ಬಾರಿಸಲಿ ಅಂದಳು, ಕೋಲು ಎತ್ತಿ ಹಿಡ್ಕೊಂಡು ಕೂತೆ, ಈಗ್ಲೂ ಮನೇಲಿ ಆ ಹಾಡು ನುಡಿಸೋವಾಗ ಅಷ್ಟೇ ಭಾವ, ಪ್ರತಿ ಸಲ. ಹಾಗಾದರೆ ಆ ಮೌನ ನನ್ನದು, ಹೊಗಳಿಕೆಯೂ ನನಗೇ ಬರಬೇಕು, ಬರೆಯುತ್ತೇನೆ, ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಆದರೆ ಇಪ್ಪತ್ತು ವರ್ಷ ಅದನ್ನು ಕಾದವನು ಅವನು, ಕಾಯುವ ಕೆಲಸವನ್ನೂ ಕಡ್ಡಿಪೈಲ್ವಾನನೇ ಕಸಿದುಕೊಂಡ, ನಾನು ಅದನ್ನು ನಿದ್ದೆ ಎಂದೆ, ತಂಗಿ ಓದಿರುತ್ತಾಳೆ, ಓದಿಯೂ ಮುಂದಿನ ಸಲ ಹಾಡುವಾಗ ಅಲ್ಲೇ ನಿಂತಿರುತ್ತಾಳೆ — ಸೂಜಿ ಹಿಂದಕ್ಕಿಟ್ಟೆ, ಎರಡು ಪೆನ್ಸಿಲ್ ಹಿಡಿದೆ, ಚರಣ ಮುಗಿಯಿತು, ಮೇಜಿನ ಮೇಲೆ ಹೊಡೆಯಲು ಕೈ ಎತ್ತಿದೆ, ಒಂದು, ಎರಡು, ಕೈ ಇಳಿಯುತ್ತಿಲ್ಲ, ಮೂರು, ಗಾಳಿಯಲ್ಲಿ ಎತ್ತಿ ಹಿಡಿದ ಎರಡು ಕೋಲು, ಅವನ ಕೋಲು, ಎತ್ತಿ ಹಿಡಿದ ಎರಡು ಕೋಲು