ಕುರ್ಚಿಗಳ ಸದ್ದು

"ಆ ಎಣ್ಣೆ ಡಬ್ಬಿ ಕೆಳಗಿಡು," ಎಂದಳು ಅಕ್ಕ.

ಮೂರನೆಯ ಸಾಲಿನ ಕುರ್ಚಿಗೆ ಎಣ್ಣೆ ಬಿಡುತ್ತಿದ್ದ ತಮ್ಮ ತಲೆಯೆತ್ತಲಿಲ್ಲ. ಈ ಸಭಾಂಗಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಯಾರ ಭಾಷಣವನ್ನೂ ಅವನು ಮಾತಿನಿಂದ ಅಳೆದವನಲ್ಲ. ಬಾಗಿಲ ಬಳಿ ನಿಂತು ಕುರ್ಚಿಗಳ ಸದ್ದು ಕೇಳುತ್ತಿದ್ದ. ಮಡಚುವ ಕಬ್ಬಿಣದ ಕುರ್ಚಿಗಳು. ಮಾತು ಸಪ್ಪೆಯಾದರೆ ಐದನೆಯ ನಿಮಿಷಕ್ಕೆ ಒಂದು ಕಿರುಗುಟ್ಟುತ್ತಿತ್ತು, ಹತ್ತನೆಯ ನಿಮಿಷಕ್ಕೆ ಇಡೀ ಸಭೆ. ಹಾರ ಹಾಕಿಸಿಕೊಂಡ ಎಷ್ಟೋ ದೊಡ್ಡವರ ಮಾನವನ್ನು ಅವು ಕಳೆದಿದ್ದವು.

"ನಿನ್ನ ಮಾನ ಉಳೀಲಿ ಅಂತ ಹಾಕ್ತಿದ್ದೀನಿ. ಮನೇಲಿ ನೀನು ಬಾಯಿ ತೆಗೆದ್ರೆ ಬೆಕ್ಕೂ ಎದ್ದು ಹೋಗುತ್ತೆ."

"ಹೋಗ್ಲಿ. ನನಗೂ ಗೊತ್ತಾಗ್ಬೇಕಲ್ಲ."

ಅಕ್ಕ ಆಸ್ಪತ್ರೆಯ ಹಿರಿಯ ನರ್ಸ್. ಓದು ಮುಗಿಸಿದ ನರ್ಸಿಂಗ್ ಹುಡುಗಿಯರಿಗೆ ಅವತ್ತು ಅವಳದೇ ಮುಖ್ಯ ಭಾಷಣ. ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಟೈಪು ಮಾಡಿಸಿ ಕೊಟ್ಟಿದ್ದ ನಾಲ್ಕು ಹಾಳೆ ತುಂಬ ಸೇವೆ, ತ್ಯಾಗ, ಮಮತೆ. ಅಕ್ಕ ಅದನ್ನು ಮಡಚಿ ಚೀಲಕ್ಕೆ ಹಾಕಿದಳು.

"ಇದನ್ನ ಓದಲ್ಲ. ಹನ್ನೊಂದನೇ ಬೆಡ್ಡಿನ ವಿಷಯ ಹೇಳ್ತೀನಿ."

ಅವಳು ಅಲ್ಲೇ ನಿಂತು ಮೊದಲು ಅವನಿಗೇ ಹೇಳಿದಳು. ಇಪ್ಪತ್ತಾರು ವರ್ಷದ ಹಿಂದೆ, ಡ್ಯೂಟಿ ಬದಲಾಗುವ ಗಡಿಬಿಡಿ. ಒಂದೇ ಅಳತೆಯ ಎರಡು ಔಷಧಿ ಬಾಟಲಿ. ಅವಳು ಮೇಲಿನ ಚೀಟಿ ಓದದೆ ತಪ್ಪು ಬಾಟಲಿ ಏರಿಸಿದಳು. ಹನ್ನೊಂದನೇ ಬೆಡ್ಡಿನ ಹೆಂಗಸು ಸತ್ತಳು. ಹೃದಯ ನಿಂತಿತು ಎಂದು ಡಾಕ್ಟರು ಬರೆದರು. ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ತಮ್ಮ ಡಬ್ಬಿಯನ್ನು ಕುಕ್ಕಿದ. "ತಲೆ ಕೆಟ್ಟಿದೆಯಾ ನಿನಗೆ? ನಿವೃತ್ತಿಗೆ ಎರಡು ತಿಂಗಳಿದೆ. ಕೆಲಸ ಹೋಗುತ್ತೆ, ಪೊಲೀಸ್ನೋರು ಬರ್ತಾರೆ. ಬಾಯ್ಮುಚ್ಕೊಂಡು ಆ ಹಾಳೆ ಓದು."

"ನಾಳೆಯಿಂದ ಈ ಹುಡುಗೀರ ಕೈಲಿ ಬಾಟಲಿ ಇರುತ್ತೆ ಕಣೋ."

ಭಾಷಣ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಸಭೆ ತುಂಬಿದ ಮೇಲೆ ಮೈಕಿನಿಂದ ದೂರ ನಿಂತು ಹನ್ನೊಂದನೇ ಬೆಡ್ಡಿನ ವಿಷಯ ಶುರು ಮಾಡಿದಳು, ಹೇಳಿದ್ದನ್ನೇ ಎರಡು ಸಲ ಹೇಳಿದಳು, ಲೋಟ ಎತ್ತಿ ನೀರು ಚೆಲ್ಲಿಕೊಂಡಳು. ತಮ್ಮ ಎಣ್ಣೆ ಡಬ್ಬಿ ಹಿಡಿದು ಬಾಗಿಲ ಬಳಿ ಹಲ್ಲು ಕಚ್ಚಿ ನಿಂತಿದ್ದ. ಐದು ನಿಮಿಷ ಕಳೆಯಿತು. ಹತ್ತಾಯಿತು. ಒಂದು ಕುರ್ಚಿಯೂ ಉಸಿರೆತ್ತಲಿಲ್ಲ. ವೇದಿಕೆಯ ಮೇಲೆ ಮುಖ್ಯಸ್ಥೆ ಅರ್ಧ ಎದ್ದು ಮತ್ತೆ ಕೂತರು.

ಸತ್ತ ಹೆಂಗಸಿನ ಹೆಸರು ಹೇಳಿ ಅಕ್ಕ ನಿಲ್ಲಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ವೇದಿಕೆಯ ಒಂದು ಮೆಟ್ಟಿಲು ಇಳಿದಳು.

ಕೊನೆಯ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಹುಡುಗಿಯೊಬ್ಬಳು ಎದ್ದು ನಿಂತಿದ್ದಳು.

"ಮೇಡಂ, ಆ ಎರಡು ಬಾಟಲಿ ಒಂದೇ ಕಡೆ ಇಟ್ಟಿದ್ರಾ?"

ಅಕ್ಕ ತಿರುಗಿ ಮೈಕಿನ ಹತ್ತಿರ ಬಂದಳು. "ಪಕ್ಕಪಕ್ಕದಲ್ಲೇ ಇತ್ತಮ್ಮ. ಹೇಳ್ತೀನಿ, ಬರ್ಕೊಳ್ಳಿ."

ಎಣ್ಣೆ ಕಂಡಿದ್ದ ಮೊದಲ ಮೂರು ಸಾಲು ಬಿಟ್ಟು ಮಿಕ್ಕ ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಹುಡುಗಿಯರು ಪೆನ್ನು ತೆಗೆದು ಮುಂದಕ್ಕೆ ಬಾಗಿದ್ದರು. ಬಾಗಿಲ ಬಳಿ ತಮ್ಮನ ಕೈಯಲ್ಲಿದ್ದ ಡಬ್ಬಿ ಓರೆಯಾಗಿ, ಎಣ್ಣೆ ಅವನ ಮಣಿಕಟ್ಟಿನ ಮೇಲೆ ಸಣ್ಣಗೆ ಇಳಿಯುತ್ತಿತ್ತು.