ಆರನೆಯ ಸಾಲು

ಮಹಮ್ಮದ್ ಶಫಿ ಸಾಹೇಬರು ಅಡ್ಡಡ್ಡವಾಗಿ ನಡೆಯುತ್ತಾರೆ. ನರಸಿಂಹರಾಜಪುರದ ಫುಟ್‌ಬಾಲ್ ತಂಡಕ್ಕೆ ಹದಿನೆಂಟು ವರ್ಷ ಗೋಲ್‌ಕೀಪರ್ ಆಗಿದ್ದವರು. ಮೈದಾನ ಬಿಟ್ಟು ಮೂವತ್ತು ವರ್ಷವಾದರೂ ಎರಡು ಕಂಬಗಳ ನಡುವೆ ಸರಿದಾಡಿದ ಅಭ್ಯಾಸ ಅವರ ಕಾಲನ್ನು ಬಿಟ್ಟಿಲ್ಲ. ಕುಕ್ಕರ್, ಮಿಕ್ಸಿ ರಿಪೇರಿಯ ತಮ್ಮ ಅಂಗಡಿಯಲ್ಲಿ ಬೆಂಚಿನಿಂದ ಬಾಗಿಲಿಗೆ ಬರುವುದೂ ಹಾಗೆಯೇ, ಎರಡೂ ಅಂಗೈಗಳನ್ನು ಅರ್ಧ ತೆರೆದುಕೊಂಡು, ಯಾರೋ ಏನನ್ನೋ ಇನ್ನೇನು ಒದ್ದೇಬಿಡುತ್ತಾರೆಂಬ ಎಚ್ಚರದಲ್ಲಿ.

ಬಾಗಿಲ ಪಕ್ಕದಲ್ಲೊಂದು ಕರಿಹಲಗೆ. ಬೆಳಗಿನ ಪತ್ರಿಕೆಯನ್ನು ಕೊನೆಯ ಪುಟದಿಂದ ಓದಲಾರಂಭಿಸಿ, ಲೋಕದ ಸಮಾಚಾರವನ್ನೆಲ್ಲ ಐದು ಸಾಲಿಗೆ ಇಳಿಸಿ ಅದರಲ್ಲಿ ಬರೆಯುತ್ತಾರೆ. ಆರನೆಯ ಸಾಲು ಮಾತ್ರ ಅಪ್ಪಟ ಸುಳ್ಳು: ‘ಕೊಪ್ಪದಲ್ಲಿ ಬ್ರೆಜಿಲ್‌ಗೆ ನಾಲ್ಕು ಗೋಲುಗಳ ಸೋಲು.’ ಅದನ್ನು ಹೊಡೆದುಹಾಕುವ ಹಕ್ಕು ಊರಿನಲ್ಲಿ ಒಬ್ಬರಿಗೇ ಇತ್ತು, ಎದುರಿನ ಗೊಬ್ಬರದಂಗಡಿಯ ಭೈರಪ್ಪನವರಿಗೆ. ಅದೇ ತಂಡದ ಮುಂಚೂಣಿಯ ಆಟಗಾರ, ಒದೆಯುವುದೂ ಎಡಗಾಲು, ಬರೆಯುವುದೂ ಎಡಗೈ, ಬ್ರೆಜಿಲ್‌ನ ಪರಮಭಕ್ತ. ಸಾಹೇಬರದು ಅರ್ಜೆಂಟೀನಾ. ಹತ್ತು ಗಂಟೆಗೆ ಸರಿಯಾಗಿ ರಸ್ತೆ ದಾಟಿ ಬಂದು, ಸೀಮೆಸುಣ್ಣ ಕಿತ್ತುಕೊಂಡು, ಸುಳ್ಳಿನ ಮೇಲೊಂದು ಗೆರೆ ಎಳೆದು ಭೈರಪ್ಪ ಗದರುತ್ತಿದ್ದರು: “ನಿನ್ನ ಬಾಯಿಗೆ ಮಣ್ಣು ಹಾಕ! ಚಾ ಹೇಳು.”

ಕೊಪ್ಪದ ಕಚೇರಿಗೆ ಹೋಗುವ ಬಸ್ಸನ್ನು ನಾನು ಅಲ್ಲೇ ಕಾಯುತ್ತಿದ್ದೆ. ಬಸ್ಸು ತಪ್ಪಿದರೂ ಈ ಬೈಗುಳ ತಪ್ಪಿಸಿಕೊಳ್ಳುತ್ತಿರಲಿಲ್ಲ. ದಿನಾ ಸುಳ್ಳೇಕೆ ಎಂದು ಒಮ್ಮೆ ಕೇಳಿದ್ದಕ್ಕೆ ಸಾಹೇಬರು ಹೇಳಿದ್ದರು: “ನಿಜ ಓದಕ್ಕೆ ಯಾರೂ ರಸ್ತೆ ದಾಟಲ್ಲ ಮಾರಾಯ್ರೆ. ಸುಳ್ಳು ತಿದ್ದಕ್ಕೆ ಬರ್ತಾರೆ. ಅದು ಬೇರೆ ವಿಷಯ.” ಯಾವ ಮಾತನ್ನಾದರೂ ‘ಅದು ಬೇರೆ ವಿಷಯ’ ಎಂದೇ ಮುಗಿಸುವುದು ಅವರ ಚಾಳಿ.

ಕಳೆದ ವಾರ್ಡ್ ಚುನಾವಣೆಗೆ ಭೈರಪ್ಪನವರ ತಂಗಿ ದೇವಕಿ ನಿಂತಿದ್ದರು. ಮತದಾನಕ್ಕೆ ಎರಡು ದಿನವಿರುವಾಗ ಸಾಹೇಬರ ಆರನೆಯ ಸಾಲು ಬಂತು: ‘ದೇವಕಿಯವರು ಕಣದಿಂದ ಹಿಂದಕ್ಕೆ.’ ಹತ್ತು ಗಂಟೆಗೆ ಭೈರಪ್ಪ ನಗುತ್ತಲೇ ಅದನ್ನು ಹೊಡೆದುಹಾಕಿದರು. ಅಷ್ಟರೊಳಗೆ ಯಾವನೋ ಪುಣ್ಯಾತ್ಮ ಫೋಟೋ ತೆಗೆದಿದ್ದ. ಗೆರೆಯಿಲ್ಲದ ಆ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ದೇವಕಿ ಹನ್ನೊಂದು ಮತಗಳಿಂದ ಸೋತರು. ಕ್ಷಮೆ ಕೇಳಲು ಹೋದ ಸಾಹೇಬರನ್ನು ಭೈರಪ್ಪ ಬಾಗಿಲಲ್ಲೇ ತಡೆದು, “ನಮ್ಮ ಗೋಲಿಗೆ ನೀನೇ ಹೊಡೆದ್ಯಲ್ಲ ಮಾರಾಯ,” ಎಂದರಂತೆ. ಅಂದಿನಿಂದ ಭೈರಪ್ಪ ರಸ್ತೆ ದಾಟಿಲ್ಲ.

ಆರನೆಯ ಸಾಲು ನಿಂತಿಲ್ಲ. ಈಗ ಅದರಲ್ಲಿ ರಾಜಕೀಯವಿಲ್ಲ, ಬರೀ ಬ್ರೆಜಿಲ್. ಆಟೋದ ಆಸಿಫ್ ಒಮ್ಮೆ ತಮಾಷೆಗೆ ಸೀಮೆಸುಣ್ಣಕ್ಕೆ ಕೈಹಾಕಿದಾಗ ಸಾಹೇಬರು ಚೆಂಡು ತಡೆದಂತೆ ತಡೆದುಬಿಟ್ಟರು. ಹತ್ತಾಯಿತೆಂದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಎದುರಂಗಡಿಯನ್ನು ನೋಡುತ್ತಾರೆ. ಅಲ್ಲಿ ಭೈರಪ್ಪ ಮೂಟೆಗಳ ಕಡೆಗೆ ಮುಖ ಮಾಡಿ ಕೂತಿರುತ್ತಾರೆ. ನಿವೃತ್ತನಾದ ಮೇಲೆ ನನಗೆ ಬಸ್ಸಿನ ಹಂಗಿಲ್ಲ, ಆದರೂ ಹತ್ತಕ್ಕೆ ಅಲ್ಲಿಗೇ ಹೋಗುತ್ತೇನೆ. ಆ ಬೈಗುಳವನ್ನು ಇನ್ನೊಮ್ಮೆ ಕೇಳಬೇಕೆಂದು ಜೀವ ಹಂಬಲಿಸುತ್ತದೆ.

ಹೋದ ತಿಂಗಳು, ‘ಕಬಡ್ಡಿ ಕಲಿಯಲು ಬ್ರೆಜಿಲ್ ತಂಡ ಶೃಂಗೇರಿಗೆ’ ಎಂದಿತ್ತು. ಸಾಹೇಬರು ಕೈತೊಳೆಯಲು ಹಿತ್ತಿಲಿಗೆ ಹೋಗಿದ್ದರು. ತಡೆಯಲಾಗಲಿಲ್ಲ; ಸೀಮೆಸುಣ್ಣ ತೆಗೆದುಕೊಂಡು ಆ ಸಾಲಿನ ಮೇಲೆ ನಾನೇ ಗೆರೆ ಎಳೆದುಬಿಟ್ಟೆ. ಹೊರಬಂದವರು ಹಲಗೆ ನೋಡಿದರು. ಮುಖ ಅರಳಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ನೆಟ್ಟಗೆ ನಡೆದು ಬಂದದ್ದನ್ನು ಕಂಡೆ. ಹಲಗೆಯ ಹತ್ತಿರ ಬಗ್ಗಿ ಗೆರೆಯ ಎರಡೂ ತುದಿಯನ್ನು ಬೆರಳಿನಿಂದ ಮುಟ್ಟಿದರು.

“ಇದು ಅವನದ್ದಲ್ಲ ಮಾರಾಯ್ರೆ. ಅವನು ಎಡಗೈಯವನು, ಬಲಗಡೆಯಿಂದ ಎಳೀತಾನೆ. ಸುಣ್ಣ ಅಲ್ಲಿ ದಪ್ಪ ಇರತ್ತೆ.”

ನನ್ನನ್ನು ಬೈಯಲಿಲ್ಲ. ಅದು ಬೇರೆ ವಿಷಯ ಎನ್ನಲೂ ಇಲ್ಲ. ಒದ್ದೆ ಬಟ್ಟೆಯಿಂದ ಸಾಲನ್ನು ಒರೆಸಿ, ಅದೇ ಸುಳ್ಳನ್ನು ಮತ್ತೆ ಬರೆದರು.

ತಪ್ಪು ಮಾಡಿದವರು ಅದನ್ನು ಮುಚ್ಚಿಡುವುದೋ ಮರೆಯುವುದೋ ಲೋಕದ ರೀತಿ. ಸಾಹೇಬರಂಥವರದು ಬೇರೆಯೇ ಜಾತಿ. ಅವರಿಗೆ ಊರೆಲ್ಲ ಸೇರಿ ಕ್ಷಮಿಸಿದರೂ ಸಾಲದು. ತಿದ್ದಬೇಕಾದ ಆ ಒಬ್ಬನು ರಸ್ತೆ ದಾಟಿ ಬರಲೆಂದು, ತಪ್ಪನ್ನು ದಿನವೂ ಹೊಸದಾಗಿ ಬರೆದು, ಬೀದಿಗೆ ಮುಖ ಮಾಡಿ ಇಟ್ಟು ಕಾಯುತ್ತಾರೆ.