ಒತ್ತಿದರೆ ಹೋಗುತ್ತೆ

ಸೂಚಿ ಮಾಮ ಕೆಲಸ ಬಿಟ್ಟ ಹದಿನೇಳನೆಯ ದಿನ ಅವರ ಕಂಪ್ಯೂಟರು ಹಟ ಹಿಡಿಯಿತು. ಅವರ ಕುರ್ಚಿಗೆ ಬಂದಿದ್ದ ಹೊಸಬ ಎರಡು ಸಲ ಕೂತಲ್ಲಿಂದಲೇ ಕರೆದು, ಮೂರನೆಯ ಸಲ ಎದ್ದೇ ಬಂದ.

"ಒಂದು ಕಿಟಕಿ ಬರುತ್ತೆ ಮೇಡಂ, ಪೂರ್ತಿ ಬರೋದ್ರೊಳಗೆ ಮುಚ್ಕೊಳ್ಳುತ್ತೆ. ನನಗೆ ಕಣ್ಣು ಹೊಡೀತಿದೆಯೋ ಏನೋ."

ಪುಸ್ತಕ ಅಚ್ಚು ಹಾಕಿಸುವ ಆ ಕಚೇರಿಯಲ್ಲಿ ಒಂಬತ್ತು ಕಂಪ್ಯೂಟರುಗಳು, ಎಲ್ಲದರಲ್ಲೂ ಲಿನಕ್ಸ್, ಎಲ್ಲಕ್ಕೂ ಹೊಸಬ ಕರೆದ ಈ ಹುಡುಗಿಯೊಬ್ಬಳೇ ದಿಕ್ಕು. ಡಿಗ್ರಿ ಮುಗಿಸಿ ಇಲ್ಲಿಗೆ ಬಂದ ಎರಡು ವರ್ಷಗಳಲ್ಲಿ ಅವಳು ತಾನಾಗಿ ಆಡಿದ ಮಾತುಗಳನ್ನು ಒಂದು ಪುಟದಲ್ಲಿ ಬರೆದು ಮುಗಿಸಬಹುದಿತ್ತು. ಕರಡು ತಿದ್ದುವ ಅಕ್ಕ ಅವಳಿಗೆ ಮೌನಿ ಎಂದು ಹೆಸರಿಟ್ಟಿದ್ದರು, ಅದೇ ನಿಂತಿತ್ತು.

ಮೌನಿ ಸೂಚಿ ಮಾಮನ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಅವರ ಎತ್ತರಕ್ಕೇ ಇತ್ತು, ಕಾಲು ನೆಲಕ್ಕೆ ಎಟಕಲಿಲ್ಲ.

ಕಿಟಕಿ ಯಾವುದೆಂದು ಅವಳಿಗೆ ಗೊತ್ತಿತ್ತು. ಯಾವುದಾದರೂ ತಂತ್ರಾಂಶ ಕೆಲಸದ ನಡುವೆ ಧೊಪ್ಪನೆ ಕುಸಿದುಬಿದ್ದರೆ, ಏನಾಯಿತೆಂದು ಬರೆದಿಟ್ಟುಕೊಳ್ಳಲು ಇನ್ನೊಂದು ಪುಟ್ಟ ತಂತ್ರಾಂಶ ಕಾದಿರುತ್ತದೆ. ಅದು ಎದ್ದು ಬಂದು, "ಇದು ಹೇಗಾಯಿತು? ಆಗ ನೀವು ಏನು ಮಾಡುತ್ತಿದ್ದಿರಿ?" ಎಂದು ಒಂದು ಖಾಲಿ ಚೌಕ ತೋರಿಸಿ, ಅಲ್ಲಿ ಬರೆದದ್ದನ್ನೂ ಸೇರಿಸಿ ಒಂದು ವರದಿ ಕಟ್ಟುತ್ತದೆ. ಈಗ ಆ ವರದಿಗಾರನೇ ಕುಸಿದುಬೀಳುತ್ತಿದ್ದ. ಏಳುತ್ತಾನೆ, ಬಾಯಿ ತೆರೆಯುತ್ತಾನೆ, ಬೀಳುತ್ತಾನೆ.

ಅವಳು ದಾಖಲೆ ತೆರೆದು ನೋಡಿದಳು. ಕಾರಣ ಸರಳವಾಗಿತ್ತು: ಜಾಗವಿಲ್ಲ. ವರದಿಗಳನ್ನು ಇಡುವ ಫೋಲ್ಡರು ಊದಿಕೊಂಡು ಡಿಸ್ಕು ತುಂಬಿಹೋಗಿತ್ತು. ಆ ವರದಿಗಳು ತಂತ್ರಾಂಶ ಬರೆದವರಿಗೆ ಹೋಗಬೇಕಿದ್ದವು. ಹೋಗಲು ಅವರಲ್ಲೊಂದು ಖಾತೆ ತೆರೆಯಬೇಕಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅವಳು ಅದನ್ನು ನಾಳೆಗೆ ಮುಂದೂಡಿದ್ದಳು. ಆ ನಾಳೆ ಬಂದಿರಲೇ ಇಲ್ಲ. ಕಳಿಸು ಎಂದು ಒತ್ತಿದ ವರದಿಯೆಲ್ಲ ಈ ಕಂಪ್ಯೂಟರಿನಲ್ಲೇ ಬಿದ್ದಿತ್ತು.

ಹೊಸಬ ಹಿಂದೆ ನಿಂತು ಕಾಯುತ್ತಿದ್ದ. ಅವಳು ತೀರಾ ಹಳೆಯ ಹನ್ನೊಂದು ವರದಿಗಳನ್ನು ಆರಿಸಿ ಅಳಿಸಿದಳು. ಹನ್ನೆರಡನೆಯದು ಯಾಕೋ ಅಳಿಯಲಿಲ್ಲ. ಒಳಗೇನಿದೆಯೆಂದು ತೆರೆದಳು. ನಾಲ್ಕಾರು ಸಣ್ಣ ಕಡತಗಳು: ಸಮಯ, ಕಾರಣ, ಟಿಪ್ಪಣಿ. ಟಿಪ್ಪಣಿಯ ಮೇಲೆ ಒತ್ತಿದಳು.

"ಮಗಳೇ, ಬೆಳಿಗ್ಗೆ ಹತ್ತೂ ಇಪ್ಪತ್ತು. ನಕಾರ ಮುಗಿಸಿ ಪಕಾರದ ಹೊಸಿಲು ದಾಟಿದ್ದೆ. ಬಿದ್ದುಹೋಯಿತು. ಮತ್ತೆ ತೆರೆದಾಗ ನಿನ್ನೆಯ ಪ್ರತಿ ಬಂತು, ಇವತ್ತಿನದಿಲ್ಲ. ಅವಸರವಿಲ್ಲ, ಬಿಡುವಾದಾಗ ನೋಡು."

ಮೌನಿ ಅದನ್ನು ಎರಡು ಸಲ ಓದಿದಳು. ಆಮೇಲೆ ಹೊಸಬನ ಕಡೆ ತಿರುಗಿ, "ನೀವು ಊಟ ಮಾಡ್ಕೊಂಡು ಬನ್ನಿ" ಅಂದಳು.

"ಹನ್ನೊಂದು ಗಂಟೆಗಾ?"

"ಹಾಂ."

ಸೂಚಿ ಮಾಮ ಇಪ್ಪತ್ತಾರು ವರ್ಷದಿಂದ ಪುಸ್ತಕಗಳ ಕೊನೆಗೆ ಬರುವ ಪದಸೂಚಿ ಮಾಡುತ್ತಿದ್ದವರು. ಯಾವ ಪದ ಯಾವ ಯಾವ ಪುಟದಲ್ಲಿದೆ ಎಂದು ಅಕ್ಷರಾನುಕ್ರಮದಲ್ಲಿ ಕಟ್ಟುವ ಕೆಲಸ. ಯಾರೂ ಓದದ, ಆದರೆ ತಪ್ಪಿದರೆ ಎಲ್ಲರೂ ಬೈಯುವ ಪುಟಗಳವು. ಅವರ ಸೂಚಿಯಲ್ಲಿ ತಪ್ಪು ಹುಡುಕುವುದೆಂದರೆ ಕಚೇರಿಯಲ್ಲಿ ಒಂದು ಪಂದ್ಯದಂತಿತ್ತು, ಗೆದ್ದವರಿರಲಿಲ್ಲ. ಹಾಗಿದ್ದವರ ಸೂಚಿಯಲ್ಲಿ, ಕೆಲಸ ಬಿಡುವ ಮುಂಚಿನ ಮೂರು ತಿಂಗಳಲ್ಲಿ, ಪದಗಳು ನಾಪತ್ತೆಯಾಗತೊಡಗಿದ್ದವು.

ಯಜಮಾನರು ಎಲ್ಲರನ್ನೂ ಕೂರಿಸಿ ಸಭೆ ಕರೆದಿದ್ದರು. "ಮಾಮ, ಪಕಾರದಲ್ಲೇ ನಲವತ್ತು ಪದ ಇಲ್ಲ. ಸೇರಿಸಿದೆ ಅಂತೀರಿ. ಸೇರಿಸಿದ್ರೆ ಎಲ್ಲಿ ಹೋದ್ವು, ಕಾಲು ಬಂತಾ ಅವಕ್ಕೆ? ವಯಸ್ಸಾಯ್ತು ನಿಮಗೆ, ಅದರಲ್ಲಿ ನಾಚಿಕೆ ಏನಿದೆ."

ಆಗ ಸೂಚಿ ಮಾಮ ಮೇಜಿನ ಆಚೆ ಕೂತಿದ್ದ ಮೌನಿಯನ್ನು ನೋಡಿದ್ದರು. ಒಂದೇ ಸಲ, ಆದರೆ ನಿಧಾನವಾಗಿ. ಏನೋ ಕೇಳಿಬಿಡುತ್ತಾರೆಂದು ಹೆದರಿ ಅವಳು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುವಿದ್ದಳು. "ಇರಬಹುದು" ಎಂದಿದ್ದರು ಮಾಮ, ಯಜಮಾನರಿಗೆ. ತಿಂಗಳ ಕೊನೆಗೆ ಕನ್ನಡಕದ ಡಬ್ಬಿ, ಅಡಿಪಟ್ಟಿ, ಕುರ್ಚಿಯ ಮೇಲಿನ ದಿಂಬು ತೆಗೆದುಕೊಂಡು ಹೋಗಿದ್ದರು.

ಒಟ್ಟು ಮೂವತ್ತನಾಲ್ಕು ಟಿಪ್ಪಣಿಗಳು ಉಳಿದಿದ್ದವು. ಎಲ್ಲವೂ "ಮಗಳೇ" ಎಂದೇ ಶುರು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪದದಿಂದ ಯಾವ ಪದದವರೆಗೆ ಹೋಯಿತು ಎಂಬ ಲೆಕ್ಕ. ನಡುನಡುವೆ ತಮಾಷೆ: "ಇವತ್ತು ಎರಡು ಸಲ ಬಿತ್ತು. ನನಗಿಂತ ಇದಕ್ಕೇ ಮಂಡಿನೋವು ಜಾಸ್ತಿ." ಇಪ್ಪತ್ತೊಂದನೆಯದರಲ್ಲಿ ಹೀಗಿತ್ತು: "ಮಗಳೇ, ಒಂದು ಗಮನಿಸಿದೆ. ರ ಅಕ್ಷರಕ್ಕೆ ಯ ಒತ್ತು ಕೊಟ್ಟ ಪದ ಬಂದು, ಆಮೇಲೆ ಅನುಕ್ರಮ ಮಾಡು ಅಂದರೆ ಮಾತ್ರ ಬೀಳುತ್ತದೆ. ನಿನಗೆ ಉಪಯೋಗವಾದೀತು."

ಮೌನಿ ಅಂಥದೊಂದು ಪದ ಬರೆದು, ಅನುಕ್ರಮದ ಗುಂಡಿ ಒತ್ತಿದಳು. ಬಿದ್ದಿತು. ಪದ ತೆಗೆದು ಒತ್ತಿದಳು. ಬೀಳಲಿಲ್ಲ. ತಂತ್ರಾಂಶದ ಹೊಸ ಆವೃತ್ತಿ ಹಾಕಿ, ಪದವನ್ನು ಮತ್ತೆ ಬರೆದು ಒತ್ತಿದಳು. ಗಟ್ಟಿಯಾಗಿ ನಿಂತಿತು. ಎಲ್ಲಾ ಸೇರಿ ಇಪ್ಪತ್ತೈದು ನಿಮಿಷ.

ಅವಳಿಗೆ ಆ ದಿನ ನೆನಪಾಯಿತು. ಮೊದಲ ಸಲ ಕಿಟಕಿ ಬಂದಾಗ ಮಾಮ ಕೂಗಿದ್ದರು, "ಮಗಳೇ, ಇದ್ಯಾವುದೋ ಪೆಟ್ಟಿಗೆ ನನ್ನ ವಿಚಾರಣೆ ಮಾಡ್ತಿದೆ." ಅವಳು ತನ್ನ ಜಾಗದಿಂದ ಏಳದೆ, ಪರದೆಯಿಂದ ಕಣ್ಣು ಕೀಳದೆ ಅಂದಿದ್ದಳು: "ಕೆಳಗಡೆ ಕಳಿಸು ಅಂತ ಇದೆಯಲ್ಲ ಮಾಮ, ಒತ್ತಿ. ಹೋಗುತ್ತೆ."

ಕಿಟಕಿ ಹೋಗುತ್ತೆ ಎಂದು ಅವಳು ಹೇಳಿದ್ದು. ಬರೆದದ್ದು ಅವಳಿಗೆ ಹೋಗುತ್ತೆ ಎಂದು ಅವರು ಕೇಳಿಸಿಕೊಂಡಿದ್ದು.

ಕೊನೆಯ ಟಿಪ್ಪಣಿ ಸಭೆಯ ದಿನದ್ದು, ಸಂಜೆ ಐದರದ್ದು. "ಮಗಳೇ, ಇವತ್ತು ನೀನೊಂದು ಮಾತು ಹೇಳುತ್ತೀಯ ಅಂದುಕೊಂಡಿದ್ದೆ. ಇರಲಿ. ನಿನಗೂ ನಿನ್ನ ಕಷ್ಟ ಇರುತ್ತದೆ. ಇನ್ನು ಬರೆಯುವುದಿಲ್ಲ."

ಅವಳು ಎಲ್ಲವನ್ನೂ ಅಚ್ಚು ತೆಗೆದು ಯಜಮಾನರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ನಾಲ್ಕು ಹಾಳೆ ಓದಿದರು.

"ಇದನ್ನ ಸಭೇಲಿ ಹೇಳೋದಲ್ವೇನಮ್ಮ?"

"ನಾನು ಓದಿರಲಿಲ್ಲ ಸಾರ್."

"ಅವರಾದ್ರೂ ಬಾಯಿಬಿಟ್ಟು ಹೇಳಬಹುದಿತ್ತು. ನೀನೂ ಸರಿ, ಅವರೂ ಸರಿ." ಹಾಳೆಗಳನ್ನು ಅವಳ ಕಡೆ ಸರಿಸಿ, "ಹೋಗಿ ಕರಿ. ಬಂದ್ರೆ ಬರಲಿ" ಅಂದರು.

ಮಾಮನ ಮನೆ ಎರಡು ಬಸ್ಸಿನ ದೂರ, ಮೂರನೆಯ ಮಹಡಿ. ಬಾಗಿಲು ತೆರೆದದ್ದು ಅವರ ಹೆಂಡತಿ. ಇವಳನ್ನು ಮೇಲಿಂದ ಕೆಳಗೆ ನೋಡಿದರು.

"ಓ, ಆ ಮಗಳು ನೀನೇನಾ. ದಿನಾ ಕಾಗದ ಬರೀತಿದ್ರಂತಲ್ಲ ನಿನಗೆ. ಮದುವೆಯಾಗಿ ಮೂವತ್ತೆರಡು ವರ್ಷ, ನನಗೆ ಒಂದು ಚೀಟಿ ಬರೆದಿಲ್ಲ ಈ ಮನುಷ್ಯ."

"ಒಂದೇ ಮನೇಲಿರೋರಿಗೆ ಏನು ಬರೀಲೇ" ಎಂಬ ದನಿ ಒಳಗಿಂದ ಬಂತು.

ಮಾಮ ಕಿಟಕಿಯ ಪಕ್ಕ ಕೂತು ರೇಡಿಯೋ ಬಿಚ್ಚಿಟ್ಟುಕೊಂಡಿದ್ದರು. ಅವಳು ಹಾಳೆಗಳನ್ನು ಕೊಟ್ಟು, ಹೇಗೆ ಸಿಕ್ಕವು, ಯಾಕೆ ಎಲ್ಲಿಗೂ ಹೋಗಿರಲಿಲ್ಲ ಎಂದು ತಡವರಿಸುತ್ತಾ ಹೇಳಿದಳು. ಹನ್ನೊಂದನ್ನು ತಾನೇ ಅಳಿಸಿದ್ದನ್ನೂ ಹೇಳಿದಳು.

"ಅಯ್ಯೋ, ನಿನ್ನ ಹೊಗಳಿ ಬರೆದಿದ್ದು ಅದರಲ್ಲೇ" ಅಂದರು ಮಾಮ. ಅವಳಿಗೆ ನಗಲಾಗಲಿಲ್ಲ.

ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಒಂದು ಹಾಳೆಯ ಹತ್ತಿರ ನಿಂತರು. "ಪಕಾರದ ನಲವತ್ತು. ಇಲ್ಲಿದೆ ನೋಡು. ಹಾಗಾದ್ರೆ ನಾನು ಸೇರಿಸಿದ್ದೆ."

"ಸೇರಿಸಿದ್ರಿ ಮಾಮ."

"ಸೇರಿಸಿದ್ದೆ" ಎಂದು ಅವರು ಹೆಂಡತಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಹೆಂಡತಿ ಸೆರಗಿನಿಂದ ಮೇಜು ಒರೆಸುತ್ತಾ ನಿಂತರು. "ರಾತ್ರಿಯೆಲ್ಲ ಎದ್ದು ಕೂತು, ಬಾಗಿಲು ಹಾಕಿದೀನಾ, ಒಲೆ ಆರಿಸಿದೀನಾ ಅಂತ ನೋಡ್ತಾರೆ ಕಣಮ್ಮ. ತಲೆ ಮೇಲೆ ನಂಬಿಕೆ ಹೋಗಿದೆ ಇವರಿಗೆ" ಅಂದರು ಕೊನೆಗೆ.

"ಯಜಮಾನರು ಕರೆದಿದ್ದಾರೆ, ಬನ್ನಿ ಮಾಮ. ಅತ್ತೆ, ನೀವಾದ್ರೂ ಹೇಳಿ" ಎಂದಳು ಮೌನಿ. ತನ್ನ ದನಿ ಅಷ್ಟು ದೊಡ್ಡದಾಗಿ ಕೇಳಿದ್ದು ಅವಳಿಗೇ ಹೊಸತು.

ಮಾಮ ಅಡ್ಡಡ್ಡ ತಲೆಯಾಡಿಸಿದರು. "ಅಲ್ಲಿ ಕೂತು ಇನ್ನು ಒಂದೊಂದು ಪದಾನೂ ಮೂರು ಸಲ ನೋಡ್ತೀನಿ. ಹಾಗೆ ನೋಡೋನು ಸೂಚಿ ಮಾಡಬಾರದು. ಬೇಡ ಮಗಳೇ." ಆಮೇಲೆ ಸಣ್ಣ ದನಿಯಲ್ಲಿ, "ನೀನು ಓದಿಯೂ ಸುಮ್ಮನಿದ್ದೆ ಅಂದ್ಕೊಂಡಿದ್ದೆ. ಓದಿರಲಿಲ್ಲ ಅಂತಾಯ್ತಲ್ಲ, ಅಷ್ಟು ಸಾಕು."

ಸಾಕಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಓದದಿದ್ದದ್ದು ನಿಜ. ಆದರೆ ಆ ಮೂರು ತಿಂಗಳಲ್ಲಿ ಒಂದು ದಿನ ಎದ್ದು ಎಂಟು ಹೆಜ್ಜೆ ನಡೆದು, ಏನಾಯ್ತು ಮಾಮ ಅಂದಿದ್ದರೆ ಓದುವುದೇ ಬೇಕಿರಲಿಲ್ಲ. ಅದನ್ನೂ ಹೇಳಿದಳು. ಮಾಮ ಇಲ್ಲವೆನ್ನಲಿಲ್ಲ.

ಹೊರಡುವಾಗ ಅವರು ಹಾಳೆಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟರು. ಕೊಡುವ ಮೊದಲು ಸಭೆಯ ದಿನದ ಕೊನೆಯದೊಂದನ್ನು ಎಳೆದು, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಇದೊಂದು ನನ್ನ ಹತ್ರಾನೇ ಇರಲಿ. ಇದು ನಿನಗೆ ಹೋಗಬಾರದಿತ್ತು."

ಅವಳು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಮೂವತ್ತಮೂರು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಓದಬೇಕೆಂದು ತೆರೆದರೆ, ಅಲ್ಲಿ ಇಲ್ಲದ ಆ ಒಂದು ಹಾಳೆಯ ಸಾಲುಗಳೇ ಬಾಯಿಗೆ ಬರುತ್ತಿದ್ದವು.